ಕಂಬ ಸುತ್ತಿ ಓದಬೇಕಾದ ಮನೆತನದ ಕಥೆ

ಚಂದ್ರಗುತ್ತಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ರೇಣುಕಾಂಬೆ. ಅವಳದು ಮೂಲದಲ್ಲಿ ಒಂದು ಮನೆಯೊಳಗಿನ ಕಥೆಯೇ: ಗಂಡನ ಸಿಟ್ಟು, ಅಪ್ಪನ ಮಾತಿಗೆ ಅಮ್ಮನ ಮೇಲೆ ಕೊಡಲಿ ಎತ್ತಿದ ಮಗ. ಜನ ಅದನ್ನು ಹಾಡಿ, ಜಾತ್ರೆ ಮಾಡಿ ಉಳಿಸಿಕೊಂಡಿದ್ದಾರೆ. ಇದೇ ಸೀಮೆಯಲ್ಲಿ, ಸೊರಬ ಮತ್ತು ಶಿಕಾರಿಪುರದ ಊರುಗಳಲ್ಲಿ, ಮನೆತನದ ಕಥೆಯನ್ನು ಕಲ್ಲಿಗೆ ಒಪ್ಪಿಸಿದವರೂ ಇದ್ದರು. ಕಾದಂಬರಿಯ ಚೌಕಟ್ಟು ಮುರಿದು, ಪತ್ರ, ಪಟ್ಟಿ, ಫೋಟೊ ಎಲ್ಲ ಬೆರೆಸಿ ಕುಟುಂಬದ ಕಥೆ ಬರೆಯುವುದನ್ನು ನಾವೀಗ ಹೊಸ ಪ್ರಯೋಗ ಎನ್ನುತ್ತೇವೆ. ನನ್ನ ಮಟ್ಟಿಗೆ ಆ ಸಾಲಿನ ಹಿರಿಯ ಕೃತಿ ತಾಳಗುಂದದ ಕಂಬ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಆ ಕಂಬವಿದೆ. ಎಂಟು ಮುಖದ ಗಟ್ಟಿ ಕಲ್ಲು. ಸಾಲುಗಳು ಅಡ್ಡಕ್ಕಿಲ್ಲ, ಉದ್ದಕ್ಕೆ ಹರಿಯುತ್ತವೆ. ಓದಬೇಕಾದರೆ ಕಂಬವನ್ನು ಸುತ್ತಬೇಕು. ಕ್ರಿ.ಶ. 5ನೇ ಶತಮಾನದ ನಡುವಿನಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ ಇದನ್ನು ಬರೆದವನು ಕುಬ್ಜ ಎಂಬ ಕವಿ. ಪದ್ಯ ಕಟ್ಟಿದ್ದಷ್ಟೇ ಅಲ್ಲ, ಕಲ್ಲಿನ ಮೇಲೆ ಬರೆದದ್ದೂ ತಾನೇ ಎಂದು ಹೇಳಿಕೊಂಡಿದ್ದಾನೆ. ಸಂದರ್ಭ ಬಹಳ ಸಣ್ಣದು: ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೇವಾಲಯಕ್ಕೊಂದು ಕೆರೆ ತೋಡಿಸಿದ್ದ. ಕೆರೆಯ ದಾಖಲೆಗೆ ನಾಲ್ಕು ಸಾಲು ಸಾಕಿತ್ತು. ಕುಬ್ಜ ಅದರೊಳಗೆ ಐದು ತಲೆಮಾರಿನ ಕಥೆಯನ್ನೇ ತಂದು ಕೂರಿಸಿದ.

ಆ ಕಾಲಕ್ಕೆ ಇದು ಎಷ್ಟು ಹೊಸತು ಎಂಬುದು ಪಕ್ಕದ ಮಳವಳ್ಳಿಯ ಕಂಬ ನೋಡಿದರೆ ತಿಳಿಯುತ್ತದೆ. ಅದೂ ಶಿಕಾರಿಪುರ ತಾಲ್ಲೂಕಿನದೇ, ತಾಳಗುಂದಕ್ಕಿಂತ ಹಳೆಯದು. ಭಾಷೆ ಪ್ರಾಕೃತ, ವಿಷಯ ದಾನ, ಅಲ್ಲಿಗೆ ಮುಗಿಯಿತು. ಕುಬ್ಜ ಅದೇ ಕಲ್ಲುಕಂಬವನ್ನು ಸಂಸ್ಕೃತ ಕಾವ್ಯಕ್ಕೆ ತಿರುಗಿಸಿದ. ಮೊದಲ 24 ಪದ್ಯಗಳಿಗೆ ಆರಿಸಿಕೊಂಡದ್ದು ಶಾಸನಗಳಲ್ಲಿ ಅಪರೂಪವಾದ ಒಂದು ಮಾತ್ರಾಛಂದಸ್ಸು. ಮುಂದೆ ಪುಷ್ಪಿತಾಗ್ರಾ, ಇಂದ್ರವಜ್ರಾ, ವಸಂತತಿಲಕಾ ಎಂದು ಬದಲಾಯಿಸುತ್ತಾ ಹೋದ.

ಛಂದಸ್ಸಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಕಥೆ ಶುರುವಾಗುವ ಜಾಗ. ನಂತರದ ಎಷ್ಟೋ ಅರಸು ಮನೆತನಗಳು ವಂಶವನ್ನು ಸೂರ್ಯನಿಂದಲೋ ಚಂದ್ರನಿಂದಲೋ ಇಳಿಸಿಕೊಂಡು ಬರುತ್ತವೆ. ಕುಬ್ಜ ದೇವರಿಗೆ ಕೈಮುಗಿದು ನೇರ ಮನೆಯ ಹತ್ತಿರದ ಮರಕ್ಕೆ ಬರುತ್ತಾನೆ. ಮನೆ ಬಳಿ ಕದಂಬದ ಮರವಿತ್ತು, ಅದನ್ನು ಜೋಪಾನ ಮಾಡಿದರು, ಅದರ ಹೆಸರೇ ಮನೆತನಕ್ಕೆ ಬಂತು. ಅಷ್ಟೇ. ಆಮೇಲೆ ಆ ಮನೆಯ ಹುಡುಗ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗುತ್ತದೆ. ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ಪಳಗಿದ ಕೈ ಕತ್ತಿ ಹಿರಿಯುತ್ತದೆ. ಶ್ರೀಪರ್ವತದ ಕಾಡು ಸೇರಿ, ಬೃಹದ್ಬಾಣರಿಂದ ಕಪ್ಪ ಕಿತ್ತು, ಕೊನೆಗೆ ಪಲ್ಲವರಿಂದಲೇ ನೆಲ ಪಡೆದು ಅರಸನಾಗುತ್ತಾನೆ.

ಜಗಳ ಏಕಾಯಿತು, ಯಾರು ಏನೆಂದರು? ಕಂಬದಲ್ಲಿ ಉತ್ತರವಿಲ್ಲ. ತೀವ್ರವಾದ ಕಲಹ ಎಂದಷ್ಟೇ ಇದೆ. ನೂರು ವರ್ಷ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಗಳು ಹೀಗೇ ಇರುತ್ತವೆ. ಸಿಟ್ಟು ಉಳಿಯುತ್ತದೆ, ಬೈಗುಳ ಮರೆತುಹೋಗುತ್ತದೆ. ಅಥವಾ ಮೊಮ್ಮಕ್ಕಳ ಮುಂದೆ ಹೇಳುವಂಥದ್ದಲ್ಲವೆಂದು ಯಾರೋ ಬಿಟ್ಟಿರುತ್ತಾರೆ. ಇನ್ನೊಂದು ಮೌನವೂ ಇದೆ. ಮೂಲಪುರುಷ ಶರ್ಮ, ಅವನ ಮಗ ಕಂಗನಿಂದ ಮುಂದೆ ಎಲ್ಲರೂ ವರ್ಮರು. ಬ್ರಾಹ್ಮಣ ಮನೆ ಕ್ಷತ್ರಿಯವಾದ ಇಡೀ ಪ್ರಕರಣ ಹೆಸರಿನ ಬಾಲದಲ್ಲಿ ಅಡಗಿದೆ. ಕುಬ್ಜ ಅದರ ಬಗ್ಗೆ ಬಾಯಿಬಿಡುವುದಿಲ್ಲ. ಕಾಕುಸ್ಥನ ಹೆಣ್ಣುಮಕ್ಕಳದು ಮೂರನೆಯ ಮೌನ. ಗುಪ್ತರೇ ಮೊದಲಾದ ದೊಡ್ಡ ರಾಜಕುಲಗಳನ್ನು ಕಮಲಗಳಂತೆ ಅರಳಿಸಿದ ಕಿರಣಗಳು ಅವರು ಎಂದು ಹೊಗಳಿದ್ದಾನೆ. ಒಬ್ಬಳ ಹೆಸರನ್ನೂ ಹೇಳಿಲ್ಲ.

ಅರಸರಲ್ಲದವರಿಗೆ ಕವಿ ಎಲ್ಲಿಂದ ಸಿಗಬೇಕು? ಅವರಿಗೆ ಒದಗಿದ್ದು ವೀರಗಲ್ಲು. ಈ ಎರಡು ತಾಲ್ಲೂಕುಗಳಲ್ಲಿ ಗುಡಿಯ ಮುಂದೆ, ಕೆರೆ ಏರಿಯ ಮೇಲೆ, ಗದ್ದೆ ಅಂಚಿನಲ್ಲಿ ಅವು ಬೇಕಾದಷ್ಟಿವೆ. ತುರುಗಳನ್ನು ಬಿಡಿಸಲು ಹೋಗಿ ಸತ್ತ ಮಗ, ಗಂಡ, ಅಣ್ಣ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕುಳಿತ ಅವನೇ. ಕೆಳಗಿನಿಂದ ಮೇಲಕ್ಕೆ ಓದುವ ಚಿತ್ರಕಥೆ ಇದು. ಅಕ್ಷರ ಬಾರದ ತಾಯಿಯೂ ತನ್ನ ಮಗನ ಕಥೆಯನ್ನು ತಾನೇ ಓದಿಕೊಳ್ಳಬಹುದಿತ್ತು.

ಹೆಣ್ಣಿನ ಹೆಸರಿಟ್ಟು ಕಥೆ ಹೇಳಿದ ಕಲ್ಲು ಸಿಕ್ಕಿದ್ದು ಬಂದಳಿಕೆಯಲ್ಲಿ. ಅದೂ ಶಿಕಾರಿಪುರ ತಾಲ್ಲೂಕೇ. ಕಾಲ 10ನೇ ಶತಮಾನದ ಮೊದಲ ದಶಕಗಳು, ರಾಷ್ಟ್ರಕೂಟರ ಆಳ್ವಿಕೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ತಾಳಗುಂದದ ಶಾಸನದ ಜೊತೆಗೆ ಇದೂ ಇದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಹೆಣ್ಣಾದರೂ ಆಡಳಿತದಲ್ಲಿ ಸಮರ್ಥಳು ಎಂದು ಶಾಸನ ಹೇಳುತ್ತದೆ. ಆ 'ಆದರೂ' ಈಗಿನ ಕಿವಿಗೆ ಚುಚ್ಚುತ್ತದೆ. ಆದರೆ ಮುಂದಿನ ಭಾಗದಲ್ಲಿ ಹೊಗಳಿಕೆ ಹಿಂದೆ ಸರಿದು, ಕಾಯಿಲೆ ಬಿದ್ದ ಒಬ್ಬ ತಾಯಿ ಕಾಣುತ್ತಾಳೆ. ಮೈಗೆ ರೋಗ ಬಂದು, ಬದುಕಿನ ಸುಖ ಸಪ್ಪೆಯೆನಿಸಿದಾಗ ಜಕ್ಕಿಯಬ್ಬೆ ಮಗಳನ್ನು ಕರೆಸಿಕೊಂಡಳು. ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿದಳು. ಆಮೇಲೆ ಬಂದಳಿಕೆಯ ಬಸದಿಗೆ ಹೋಗಿ ವ್ರತ ಹಿಡಿದು ಪ್ರಾಣ ಬಿಟ್ಟಳು.