ಬಿಡದಿ ಕಾರ್ಖಾನೆಗೆ ಬೀಗ ಬಿದ್ದದ್ದು ಯಾರಿಂದ?

'ಯೂನಿಯನ್ ಬಂದರೆ ಫ್ಯಾಕ್ಟರಿ ಬಾಗಿಲು ಹಾಕುತ್ತೆ.' ಕನಕಪುರದಿಂದ ಮಾಗಡಿವರೆಗೆ ಯಾವ ಟೀ ಅಂಗಡಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. 'ಮ್ಯಾನೇಜ್‌ಮೆಂಟ್‌ನೋರು ಜೀವ ಹಿಂಡ್ತಾರೆ' ಎಂದು ತಿರುಗಿ ಹೇಳುವವರೂ ಇದ್ದಾರೆ. ಐಟಿಐ ಮುಗಿಸಿದ ಮಕ್ಕಳನ್ನು ಬಿಡದಿಗೆ ಕಳಿಸುವ ಮನೆಗಳಿಗೆ ಇದು ಬರೀ ವಾದವಲ್ಲ, ಅನ್ನದ ಪ್ರಶ್ನೆ. ಹಾಗಾಗಿ ನಡೆದದ್ದನ್ನು ಇಸವಿ ಹಿಡಿದು ನೋಡೋಣ.

ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿದ್ದು 1997ರಲ್ಲಿ. 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿ ಶುರುವಾಯಿತು.

2006: ಮೂವರು ಕಾರ್ಮಿಕರನ್ನು ಕೆಲಸದಿಂದ ತೆಗೆದದ್ದಕ್ಕೆ ಜನವರಿಯಲ್ಲಿ ಮುಷ್ಕರ ನಡೆಯಿತು. 8ರಂದು ಕಂಪನಿ ಲಾಕ್‌ಔಟ್ ಘೋಷಿಸಿತು. ಇದು ಅಶಿಸ್ತು ಎಂದಿತು ಕಂಪನಿ, ಸಂಘದ ಮೇಲಿನ ಹಗೆ ಎಂದಿತು ಯೂನಿಯನ್. ಬೀಗ ತೆಗೆಯಲು ಸುಮಾರು ಎರಡು ವಾರ ಹಿಡಿಯಿತು.

2014: ಸಂಬಳ ಏರಿಕೆಯ ಮಾತುಕತೆ ಹತ್ತು ತಿಂಗಳು ಎಳೆದಾಡಿ ಮುರಿಯಿತು. ಉತ್ಪಾದನೆಗೆ ಅಡ್ಡಿಪಡಿಸಿದರು, ಮೇಲ್ವಿಚಾರಕರನ್ನು ಬೆದರಿಸಿದರು ಎಂದು ಕಂಪನಿ ಆರೋಪಿಸಿತು. ಯೂನಿಯನ್ ಅದನ್ನು ಅಲ್ಲಗಳೆಯಿತು. ಮಾರ್ಚ್ 16ರಂದು ಮತ್ತೆ ಲಾಕ್‌ಔಟ್ ಆಯಿತು. 24ಕ್ಕೆ ತೆಗೆದರೂ, ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿಯೇ ಒಳಗೆ ಬನ್ನಿ ಎಂದರು. ಕಾರ್ಮಿಕರು ಒಪ್ಪಲಿಲ್ಲ. ಸರ್ಕಾರ ನಡುವೆ ಬಂದ ಮೇಲೆ ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು.

2020: ಈ ಬಾರಿ ಜಗಳ ಕೆಲಸದ ವೇಗದ್ದು. ಶೌಚಾಲಯಕ್ಕೆ ಹೋಗಲೂ ಬಿಡುವಿಲ್ಲದಷ್ಟು ಒತ್ತಡ ಎಂಬುದು ಕಾರ್ಮಿಕರ ದೂರು. ಯೂನಿಯನ್‌ನ ಒಬ್ಬರನ್ನು ಅಮಾನತು ಮಾಡಿದ್ದಕ್ಕೆ ನವೆಂಬರ್ 9ರಂದು ಕಾರ್ಖಾನೆಯೊಳಗೇ ಧರಣಿ ಕೂತರು. ಮರುದಿನ ಬೀಗ ಬಿತ್ತು. 19ಕ್ಕೆ ತೆಗೆದರು, 23ಕ್ಕೆ ಮತ್ತೆ ಹಾಕಿದರು. 2021ರ ಜನವರಿ 12ಕ್ಕೆ ಲಾಕ್‌ಔಟ್ ಮುಗಿದರೂ ಮುಷ್ಕರ ನಿಂತದ್ದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಅಮಾನತಾಗಿದ್ದರು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಕೂತದ್ದು ಅವರ ಮನೆಗಳು.

ಬೇರೆ ಬೇರೆ ಕಾರಣಕ್ಕೆ ಹೊತ್ತಿದರೂ ಮೂರೂ ಜಗಳಗಳ ಬುಡ ಒಂದೇ. ಲೈನಿನ ವೇಗ, ಸಂಬಳ, ಶಿಕ್ಷೆ ತೀರ್ಮಾನವಾಗುವಾಗ ದುಡಿಯುವವನ ಮಾತಿಗೆ ಎಷ್ಟು ಬೆಲೆ? ಸರ್ಕಾರದ ಆದೇಶ ಬೀಗ ತೆಗೆಸಬಲ್ಲದು, ನಂಬಿಕೆ ಹುಟ್ಟಿಸಲಾರದು.

ಇದೇ ಟೊಯೊಟಾಗೆ ಅಮೆರಿಕದಲ್ಲಿ ಬೇರೆಯೇ ಒಂದು ಕಥೆಯಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಗೈರುಹಾಜರಿ, ಜಗಳಗಳಿಗೆ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ಅದನ್ನು ಮತ್ತೆ ತೆರೆದರು. ಬಹುಪಾಲು ಹಳೇ ಕಾರ್ಮಿಕರೇ, ಯೂನಿಯನ್ನೂ ಅದೇ. ಬದಲಾದದ್ದು ನಡೆಸುವ ರೀತಿ. ತಪ್ಪು ಕಂಡರೆ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. ಕೆಲವೇ ವರ್ಷದಲ್ಲಿ ಅಲ್ಲಿನ ಕಾರುಗಳ ಗುಣಮಟ್ಟಕ್ಕೆ ಹೆಸರು ಬಂತು.

ಇನ್ನು ನಮ್ಮ ಮೈಸೂರಿನ ಐಡಿಯಲ್ ಜಾವಾ. ಯೆಜ್ಡಿ ಬೈಕಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲೂ ಕಾರ್ಮಿಕ ವಿವಾದ ಇತ್ತು, ನಿಜ. ಆದರೆ 1985ರಿಂದಲೇ ಹೀರೋ ಹೋಂಡಾದಂಥ ಕಡಿಮೆ ಪೆಟ್ರೋಲ್ ಕುಡಿಯುವ ಬೈಕುಗಳು ರಸ್ತೆಗಿಳಿದಿದ್ದವು. ಹೊಗೆಯ ನಿಯಮವೂ ಬಿಗಿಯಾಗುತ್ತಿತ್ತು. ಹಳೇ ಟೂ-ಸ್ಟ್ರೋಕ್ ಎಂಜಿನ್ನನ್ನೇ ನಂಬಿ ಕೂತದ್ದು ಕಾರ್ಮಿಕರ ತೀರ್ಮಾನವಲ್ಲ.

ಬಿಡದಿ ಮುಚ್ಚಲಿಲ್ಲ. ಮೂರು ದೊಡ್ಡ ಜಗಳಗಳ ಬಳಿಕವೂ 2023ರಲ್ಲಿ ಕಂಪನಿ ಸುಮಾರು 3,300 ಕೋಟಿ ರೂಪಾಯಿಯ ಹೊಸ ಘಟಕಕ್ಕೆ ರಾಜ್ಯದೊಡನೆ ಒಪ್ಪಂದ ಮಾಡಿಕೊಂಡಿತು. ಯೂನಿಯನ್ ಇದ್ದ ಮಾತ್ರಕ್ಕೆ ಕಾರ್ಖಾನೆ ಮುಳುಗುವುದಿಲ್ಲ.

ನೂರು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಎರಡೂ ಕಡೆಯವರು ಕೂತು ಮಾತಾಡುವ ಸಮಿತಿಗೆ 1947ರ ಕೈಗಾರಿಕಾ ವಿವಾದ ಕಾಯ್ದೆಯೇ ದಾರಿ ಮಾಡಿತ್ತು. ಅದರಲ್ಲಿ ಕಾರ್ಮಿಕರ ಕಡೆಯವರು ಮಾಲೀಕರ ಕಡೆಯವರಿಗಿಂತ ಕಡಿಮೆ ಇರಬಾರದು ಎಂದಿತ್ತು. ನಿಮ್ಮ ಮನೆಯ ಹುಡುಗ ಕೆಲಸಕ್ಕೆ ಸೇರುವಾಗ ಸಂಬಳದ ಜೊತೆಗೆ ಇದನ್ನೂ ಕೇಳಲಿ: ಇಲ್ಲಿ ಅಂಥ ಸಮಿತಿ ಇದೆಯೇ, ಅದು ತಿಂಗಳಿಗೊಮ್ಮೆಯಾದರೂ ಸೇರುತ್ತದೆಯೇ?