ಬೇಟೆ ಕೋವಿಯ ಒದೆತ: ಕಾರಣ ಮತ್ತು ಪರಿಹಾರ

ಗುಂಡು ಮುಂದಕ್ಕೆ ಚಿಮ್ಮುವ ಕ್ಷಣದಲ್ಲಿಯೇ ಕೋವಿಯು ಹಿಂದಕ್ಕೆ ಸರಿದು ಹೆಗಲಿಗೆ ಬಡಿಯುತ್ತದೆ. ಕೋವಿ ಹಿಡಿದವರು ಇದನ್ನೇ ಒದೆತವೆನ್ನುತ್ತಾರೆ. ಅದನ್ನು ಹಲ್ಲುಕಚ್ಚಿ ತಾಳಿಕೊಳ್ಳುವುದೇ ಗಂಡಸುತನವೆಂಬ ಭಾವನೆ ಹಳೆಯ ಕೋವಿಕಾರರಲ್ಲಿ ಇನ್ನೂ ಉಂಟು. ವಾಸ್ತವದಲ್ಲಿ ಒದೆತದಿಂದ ಹೆಗಲಿಗಿಂತ ಹೆಚ್ಚಾಗಿ ಕೆಡುವುದು ಗುರಿ. ಒಮ್ಮೆ ಪೆಟ್ಟು ತಿಂದವನ ಮೈ ಮರುಬಾರಿ ಟ್ರಿಗರ್ ಎಳೆಯುವ ಮುನ್ನವೇ ಬೆಚ್ಚುತ್ತದೆ. ಕಣ್ಣು ಮುಚ್ಚುತ್ತದೆ, ಹೆಗಲು ಮುಂದಕ್ಕೆ ನೂಕುತ್ತದೆ, ನಳಿಗೆಯ ತುದಿ ಕೆಳಗಿಳಿಯುತ್ತದೆ. ಗುಂಡು ಎತ್ತ ಹೋಯಿತೆಂಬುದು ಹೊಡೆದವನಿಗೇ ತಿಳಿಯದಿದ್ದರೆ ಸುತ್ತ ನಿಂತವರಿಗೂ ಅಪಾಯ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಮೋಜಿನ ಬೇಟೆಗೆ ಅವಕಾಶವಿಲ್ಲ. ಆದರೆ ಬೇಟೆಗೆಂದೇ ತಯಾರಾದ ಕೋವಿಗಳು ಇಂದಿಗೂ ಅನೇಕ ಮನೆಗಳಲ್ಲಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಪೂಜೆಯ ಬಳಿಕ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಅಜ್ಜನ ಅಳತೆಯ ಕೋವಿಯನ್ನು ಹದಿಹರೆಯದ ಮೊಮ್ಮಗಳ ಕೈಗಿತ್ತರೆ ಬೆಚ್ಚುವ ಚಟ ಅಂದೇ ಅಂಟಿಕೊಳ್ಳಬಹುದು.

ಒದೆತದ ಲೆಕ್ಕ ಸರಳ. ಗುಂಡು ಮತ್ತು ಮದ್ದಿನ ಅನಿಲ ಮುಂದಕ್ಕೆ ಒಯ್ಯುವಷ್ಟೇ ಸಂವೇಗವನ್ನು ಕೋವಿ ಹಿಂದಕ್ಕೆ ಪಡೆಯುತ್ತದೆ. ಪ್ರಸಿದ್ಧವಾದ ಪಾಯಿಂಟ್ 30-06 ರೈಫಲನ್ನೇ ನೋಡೋಣ. ಅದರ 11.7 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುವಾಗ, 3.6 ಕಿಲೋ ತೂಗುವ ಕೋವಿಯು ಸುಮಾರು 27 ಜೂಲ್ ಶಕ್ತಿಯಿಂದ ಹಿಂದಕ್ಕೆ ಬರುತ್ತದೆ. ಕೋವಿಯ ತೂಕವನ್ನು ಅರ್ಧ ಕಿಲೋ ಹೆಚ್ಚಿಸಿದರೆ ಇದು 24 ಜೂಲ್‌ಗೆ ಇಳಿಯುತ್ತದೆ. ಹೊತ್ತು ನಡೆಯಲು ಹಗುರವೆಂದು ಮೆಚ್ಚಿಕೊಂಡ ಕೋವಿಯೇ ಹೆಗಲಿಗೆ ಶತ್ರುವಾಗುವುದು ಹೀಗೆ. ಹೊಸದಾಗಿ ಕೊಳ್ಳುವವರು ಚಿಕ್ಕ ತೋಟಾದ ಕೋವಿಯನ್ನು ಆರಿಸಿಕೊಳ್ಳುವುದು ಇನ್ನೂ ಲೇಸು. 1955ರಲ್ಲಿ ಬಂದ ಪಾಯಿಂಟ್ 243 ವಿಂಚೆಸ್ಟರ್ ತೋಟಾದ ಒದೆತವು 30-06ರ ಅರ್ಧದಷ್ಟೇ.

ಆದರೆ ಲೆಕ್ಕದ ಒದೆತ ಬೇರೆ, ಹೆಗಲಿಗೆ ತಿಳಿಯುವ ಒದೆತ ಬೇರೆ. ಒಂದೇ ಕೋವಿ ಒಬ್ಬನಿಗೆ ತಳ್ಳಿದಂತೆಯೂ ಇನ್ನೊಬ್ಬನಿಗೆ ಗುದ್ದಿದಂತೆಯೂ ಅನಿಸುವುದಕ್ಕೆ ಮುಖ್ಯ ಕಾರಣ ಕೋವಿಯ ಮರದ ಅಳತೆ. ಮರ ತೀರ ಗಿಡ್ಡವಾದರೆ ಬಲಗೈಯ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಉದ್ದವಾದರೆ ಬಟ್ ಹೆಗಲಿನ ತಗ್ಗಿನಲ್ಲಿ ಕೂರದೆ ತೋಳಿನ ಮೇಲೆ ಜಾರುತ್ತದೆ, ಮರುದಿನ ಅಲ್ಲಿ ನೀಲಿ ಬಾವು. ಕೆನ್ನೆಗೆ ತಗುಲುವ ಭಾಗ ತಗ್ಗಾಗಿದ್ದರೆ ಮುಖ ಮರಕ್ಕೆ ಒತ್ತಿಕೊಳ್ಳದೆ ಪೆಟ್ಟು ದವಡೆಗೆ ಬೀಳುತ್ತದೆ. ಅಳತೆಯನ್ನು ಸರಿಪಡಿಸದೆ ಬೇರೆ ಯಾವ ಉಪಾಯಕ್ಕೂ ಹಣ ಚೆಲ್ಲಬಾರದೆಂಬುದು ಈ ಲೇಖಕನ ಅಭಿಪ್ರಾಯ.

ಬಟ್‌ಗೆ ಜೋಡಿಸುವ ರಬ್ಬರ್ ಪ್ಯಾಡ್ ಎರಡನೆಯದು. ಲೀ ಎನ್‌ಫೀಲ್ಡ್‌ನಂಥ ಹಳೆಯ ಸೇನಾ ರೈಫಲುಗಳಲ್ಲಿ ಬಟ್‌ಗೆ ಹಿತ್ತಾಳೆಯ ತಗಡು ಇರುತ್ತಿತ್ತು. ಅದು ಬಾಳಿಕೆಗೆ ಒಳ್ಳೆಯದು, ಎಲುಬಿಗಲ್ಲ. ಮೆತ್ತನೆಯ ಪ್ಯಾಡ್ ಒದೆತದ ಶಕ್ತಿಯನ್ನು ಕಡಿಮೆ ಮಾಡದಿದ್ದರೂ ಅದನ್ನು ಹೆಚ್ಚು ಹೊತ್ತಿಗೆ, ಹೆಚ್ಚು ಜಾಗಕ್ಕೆ ಹಂಚುತ್ತದೆ. ಪ್ಯಾಡ್ ಸೇರಿದಾಗ ಮರದ ಉದ್ದವೂ ಹೆಚ್ಚುವುದರಿಂದ ಅಷ್ಟನ್ನು ಕತ್ತರಿಸಿ ಜೋಡಿಸಬೇಕು. ಇಂಥ ಕೆಲಸವನ್ನು ಪರವಾನಗಿ ಪಡೆದ ಕೋವಿ ದುರಸ್ತಿಗಾರರಿಂದಲೇ ಮಾಡಿಸುವುದು ಉಚಿತ.

ನಳಿಗೆಯ ತುದಿಗೆ ಕೂರಿಸುವ ಮಝಲ್ ಬ್ರೇಕ್ ಅನಿಲವನ್ನು ಪಕ್ಕಕ್ಕೆ ತಿರುಗಿಸಿ ಒದೆತವನ್ನು ಗಣನೀಯವಾಗಿ ತಗ್ಗಿಸುತ್ತದೆ. ಆದರೆ ಸದ್ದು ಹೊಡೆಯುವವನ ಮತ್ತು ಪಕ್ಕದವರ ಕಿವಿಗೆ ಇನ್ನಷ್ಟು ಅಪ್ಪಳಿಸುತ್ತದೆ. ಸಾಮಾನ್ಯ ರೈಫಲಿನ ಸದ್ದೇ 140 ಡೆಸಿಬಲ್ ಮೀರುತ್ತದೆ.

ಇನ್ನು ಹಿಡಿಯುವ ಕ್ರಮ. ಬಟ್ಟನ್ನು ಕೊರಳೆಲುಬಿನ ಮೇಲಾಗಲಿ ತೋಳಿನ ಮೇಲಾಗಲಿ ಇಡದೆ ಅವೆರಡರ ನಡುವಿನ ಮಾಂಸಲ ತಗ್ಗಿಗೆ ಗಟ್ಟಿಯಾಗಿ ಒತ್ತಿಕೊಳ್ಳಬೇಕು. ನೋಯುವುದೆಂದು ಹೆದರಿ ಸಡಿಲ ಹಿಡಿದರೆ ಕೋವಿ ಆ ಸಂದಿನಲ್ಲಿ ವೇಗವಾಗಿ ಬಂದು ಬಡಿಯುತ್ತದೆ. ಎಡಗಾಲು ಮುಂದಿಟ್ಟು ಮೈಯನ್ನು ತುಸು ಮುಂದಕ್ಕೆ ಬಾಗಿಸಿದರೆ ದೇಹವೇ ಒದೆತದೊಡನೆ ತೂಗುತ್ತದೆ. ಮಲಗಿ ಅಥವಾ ಮೇಜಿಗೆ ಒರಗಿ ಹೊಡೆಯುವಾಗ ಮೈಗೆ ಸರಿಯಲು ಎಡೆಯಿಲ್ಲದ್ದರಿಂದ ಅದೇ ತೋಟಾ ಹೆಚ್ಚು ನೋಯಿಸುತ್ತದೆ. ಟೆಲಿಸ್ಕೋಪ್ ಇರುವ ಕೋವಿಯಲ್ಲಿ ಕಣ್ಣು ಗಾಜಿನಿಂದ 8-9 ಸೆಂಟಿಮೀಟರ್ ದೂರವಿರಲಿ. ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ ಮಾಡಿಕೊಂಡವರು ಇದನ್ನು ಮರೆಯುವುದಿಲ್ಲ.

ಬೆಚ್ಚುವಿಕೆಯಲ್ಲಿ ಸದ್ದಿನ ಪಾಲು ದೊಡ್ಡದು. ಕಿವಿಗೆ ಬಿರಡೆಯನ್ನೂ ಅದರ ಮೇಲೆ ಕಿವಿಗವಚವನ್ನೂ ಧರಿಸಿದ ಕಲಿಕೆಯವರು ಕೂಡಲೇ ಕೋವಿ ಮೆದುವಾಯಿತೆನ್ನುವುದುಂಟು. ಚಟ ಅಂಟಿದೆಯೇ ಎಂದು ತಿಳಿಯಲು ಜೊತೆಗಾರನೊಬ್ಬ ಹೊಡೆಯುವವನಿಗೆ ಹೇಳದೆ ನಿಜವಾದ ತೋಟಾಗಳ ನಡುವೆ ಮದ್ದಿಲ್ಲದ ಅಭ್ಯಾಸದ ತೋಟಾ ಸೇರಿಸಿ ತುಂಬಿಕೊಡಲಿ. ಗುಂಡು ಹಾರದೆ ಟಕ್ಕೆಂದಾಗ ನಳಿಗೆ ಅಲುಗಿದರೆ ಅದೇ ರೋಗ. ಆಗ ಕೆಲವು ವಾರ ಪಾಯಿಂಟ್ 22 ರೈಫಲಿಗೆ ಮರಳಿ ಅಭ್ಯಾಸ ಮಾಡುವುದು ಒಳ್ಳೆಯದು. ದೊಡ್ಡ ಕೋವಿಯಲ್ಲಿ ಒಂದು ದಿನಕ್ಕೆ ಹತ್ತು ಹದಿನೈದು ಗುಂಡು ಸಾಕು. ಹೆಗಲು ನೋಯತೊಡಗಿದ ಮೇಲೆ ಹೊಡೆದ ಗುಂಡುಗಳೆಲ್ಲ ಬೆಚ್ಚುವುದನ್ನೇ ಕಲಿಸುತ್ತವೆ.