ಎಲ್‌ಆರ್‌ನಿಂದ ಎಫ್‌ಒಬಿವರೆಗೆ: ಮಾಲು ಸಾಗಣೆಯ ಶಬ್ದಗಳು, ಅವುಗಳ ಅರ್ಥ

ರೋಣ, ನರಗುಂದ, ಗಜೇಂದ್ರಗಡದ ಅಂಗಡಿಗಳಿಗೆ ಬರೋ ಮಾಲಿರಲಿ, ಇಲ್ಲಿಂದ ಹೊರಗೆ ಹೋಗೋ ಉಳ್ಳಾಗಡ್ಡಿ, ಮೆಣಸಿನಕಾಯಿ ಇರಲಿ, ಅದರ ಜೊತೆ ಒಂದು ಕಾಗದ ಇದ್ದೇ ಇರುತ್ತದೆ. ಬಾಡಿಗೆ ಯಾರು ಕೊಡಬೇಕು, ದಾರಿಯಲ್ಲಿ ಮಾಲು ಹಾಳಾದರೆ ಲುಕ್ಸಾನು ಯಾರ ಮೈಮೇಲೆ ಬರುತ್ತದೆ ಅನ್ನೋದು ಆ ಕಾಗದದ ಮೇಲಿನ ಎರಡು-ಮೂರು ಶಬ್ದಗಳ ಮೇಲೆ ನಿಂತಿರುತ್ತದೆ. ಹೆಚ್ಚಿನವರು ಓದದೇ ಸಹಿ ಹಾಕುವ ಆ ಶಬ್ದಗಳ ಮಾಹಿತಿ ಇಲ್ಲಿದೆ.

ಲಾರಿ ಬುಕಿಂಗ್ ಶಬ್ದಗಳು

ಎಲ್‌ಆರ್: ಲಾರಿ ರಸೀದಿ. ಮಾಲು ನಮ್ಮ ಕೈಗೆ ಬಂದಿದೆ ಅಂತ ಟ್ರಾನ್ಸ್‌ಪೋರ್ಟ್‌ನವರು ಕೊಡುವ ಪುರಾವೆ. ಕಳಿಸುವವರು ಕನ್ಸೈನರ್, ಮಾಲು ಪಡೆಯುವವರು ಕನ್ಸೈನಿ.

ಪೇಡ್, ಟು-ಪೇ: ಪೇಡ್ ಅಂದ್ರೆ ಕಳಿಸಿದವರೇ ಬಾಡಿಗೆ ಕಟ್ಟಿದ್ದಾರೆ. ಟು-ಪೇ ಅಂದ್ರೆ ಮಾಲು ಬಿಡಿಸಿಕೊಳ್ಳುವವರು ಕಟ್ಟಬೇಕು. ಮಾಲಿನ ದರ ಮಾತಾಡುವಾಗಲೇ ಇದನ್ನು ಕೇಳಿಕೊಳ್ಳದಿದ್ದರೆ ಡೆಲಿವರಿ ದಿನ ಜಗಳ ಗ್ಯಾರಂಟಿ.

ಗೋಡೌನ್ ಡೆಲಿವರಿ, ಡೋರ್ ಡೆಲಿವರಿ: ಮೊದಲನೆಯದರಲ್ಲಿ ಟ್ರಾನ್ಸ್‌ಪೋರ್ಟ್ ಗೋಡೌನ್‌ನಿಂದ ಅಂಗಡಿವರೆಗಿನ ಗಾಡಿ ಬಾಡಿಗೆ, ಹಮಾಲಿ ನಿಮ್ಮದು.

ಸೇಡ್ ಟು ಕಂಟೇನ್: 'ಒಳಗೆ ಇಂಥ ಮಾಲು ಇದೆ ಅಂತ ಕಳಿಸಿದವರು ಹೇಳಿದ್ದಾರೆ, ನಾವು ಬಿಚ್ಚಿ ನೋಡಿಲ್ಲ' ಎಂದರ್ಥ. ಬಾಕ್ಸ್‌ನೊಳಗೆ ಬೇರೆ ಮಾಲು ಬಂದರೆ ಮೊದಲು ಕೇಳಬೇಕಾದದ್ದು ಕಳಿಸಿದವರನ್ನು.

ಓನರ್ಸ್ ರಿಸ್ಕ್: ಇಲ್ಲಿ ಓನರ್ ಅಂದ್ರೆ ಲಾರಿ ಮಾಲೀಕ ಅಲ್ಲ, ಮಾಲಿನ ಮಾಲೀಕ. ಟ್ರಾನ್ಸ್‌ಪೋರ್ಟ್‌ನವರು ಜವಾಬ್ದಾರಿ ಹೊತ್ತರೆ ಅದು ಕ್ಯಾರಿಯರ್ಸ್ ರಿಸ್ಕ್. ಅದಕ್ಕೆ ಬಾಡಿಗೆ ಹೆಚ್ಚು.

ಪರಿಹಾರ ಎಷ್ಟು ಸಿಗುತ್ತದೆ?

2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಮಾಲು ಕಳೆದರೆ ಅಥವಾ ಹಾಳಾದರೆ ಟ್ರಾನ್ಸ್‌ಪೋರ್ಟ್‌ನವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ. ಉದಾಹರಣೆಗೆ, 2 ಲಕ್ಷ ರೂ. ಬಟ್ಟೆ ಬೇಲ್‌ಗೆ 3,000 ರೂ. ಬಾಡಿಗೆ ಇದ್ದರೆ ಸಿಗಬಹುದಾದದ್ದು ಹೆಚ್ಚೆಂದರೆ 30,000 ರೂ. ಇದಕ್ಕಿಂತ ಹೆಚ್ಚು ಬೇಕಾದರೆ ಬುಕಿಂಗ್ ವೇಳೆಯೇ ಮಾಲಿನ ಬೆಲೆ ಬರೆಸಿ, ಹೆಚ್ಚಿನ ರಿಸ್ಕ್ ದರ ಕಟ್ಟಲು ಒಪ್ಪಿರಬೇಕು. ಇಲ್ಲವೇ ಬೇರೆಯಾಗಿ ವಿಮೆ ಮಾಡಿಸಿರಬೇಕು.

ಕೋರ್ಟಿಗೆ ಹೋಗುವ ಮೊದಲು ಟ್ರಾನ್ಸ್‌ಪೋರ್ಟ್‌ನವರಿಗೆ ಲಿಖಿತ ನೋಟಿಸ್ ಕೊಡಲೇಬೇಕು. ಅದಕ್ಕೆ ಗಡುವು 180 ದಿನ. ಈ ದಿನಗಳ ಲೆಕ್ಕ ಶುರುವಾಗೋದು ಮಾಲು ಬುಕ್ ಆದ ದಿನದಿಂದ, ನಿಮಗೆ ಮಾಲು ತಲುಪಿದ ದಿನದಿಂದಲ್ಲ.

ಇ-ವೇ ಬಿಲ್

50 ಸಾವಿರ ರೂ. ಮೀರಿದ ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ತೆಗೆಯುವ ಚೀಟಿ. ರಾಜ್ಯದೊಳಗಿನ ಸಾಗಣೆಗೂ ಇದನ್ನು ಕರ್ನಾಟಕ 2018ರ ಏಪ್ರಿಲ್ 1ರಿಂದಲೇ ಕಡ್ಡಾಯ ಮಾಡಿತು. ಸಾಮಾನ್ಯ ಗಾಡಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ. ಗಾಡಿ ದಾರಿಯಲ್ಲಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ ನಂತರದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಬಹುದು. ತಾಜಾ ಉಳ್ಳಾಗಡ್ಡಿಗೆ ಜಿಎಸ್‌ಟಿ ಇಲ್ಲ, ಇ-ವೇ ಬಿಲ್ಲೂ ಬೇಕಿಲ್ಲ. ಒಣ ಮೆಣಸಿನಕಾಯಿಗೆ ಜಿಎಸ್‌ಟಿ ಇದೆ. ವ್ಯಾಪಾರಿ ಸಾಗಿಸುವಾಗ ಇ-ವೇ ಬಿಲ್ ಬೇಕು.

ದರದ ಜೊತೆ ಬರುವ ಅಕ್ಷರಗಳು

ಎಕ್ಸ್ ವರ್ಕ್ಸ್, ಎಕ್ಸ್ ಗೋಡೌನ್: ಮಾರುವವರ ಬಾಗಿಲಿನ ದರ. ಅಲ್ಲಿಂದ ಮುಂದಿನ ಬಾಡಿಗೆ, ರಿಸ್ಕ್ ಎರಡೂ ಕೊಳ್ಳುವವರದು.

ಎಫ್‌ಒಆರ್: ಇದರ ಮುಂದೆ ಯಾವ ಊರಿನ ಹೆಸರಿದೆ ನೋಡಿ. 'ಎಫ್‌ಒಆರ್ ಗಜೇಂದ್ರಗಡ' ಅಂದರೆ ಅಲ್ಲಿವರೆಗಿನ ಬಾಡಿಗೆ ದರದಲ್ಲೇ ಸೇರಿದೆ. ಫ್ಯಾಕ್ಟರಿ ಇರುವ ಊರಿನ ಹೆಸರಿದ್ದರೆ ಮುಂದಿನ ಬಾಡಿಗೆ ನಿಮ್ಮದು. ಊರಿನ ಹೆಸರಿಲ್ಲದ ಎಫ್‌ಒಆರ್‌ಗೆ ಅರ್ಥವಿಲ್ಲ.

ಎಫ್‌ಒಬಿ: ಫ್ರೀ ಆನ್ ಬೋರ್ಡ್, ಅಂದರೆ ಮಾಲು ಹಡಗು ಹತ್ತುವವರೆಗಿನ ದರ. 2023ರ ಅಕ್ಟೋಬರ್ ಕೊನೆಗೆ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿಗೆ ಟನ್‌ಗೆ 800 ಡಾಲರ್ ಎಫ್‌ಒಬಿ ಎಂದು ಕನಿಷ್ಠ ದರ ಗೊತ್ತು ಮಾಡಿತ್ತು. ಆಗಿನ ಲೆಕ್ಕಕ್ಕೆ ಕೆಜಿಗೆ ಸುಮಾರು 67 ರೂ. ಆದರೆ ಇದು ಎಪಿಎಂಸಿ ದರವೂ ಅಲ್ಲ, ರೈತರ ಕೈಗೆ ಸೇರುವ ದುಡ್ಡೂ ಅಲ್ಲ. ಗ್ರೇಡಿಂಗ್, ಚೀಲ, ಹಮಾಲಿ, ಬಂದರಿನವರೆಗಿನ ಲಾರಿ ಬಾಡಿಗೆ, ಬಂದರಿನ ಖರ್ಚು, ವ್ಯಾಪಾರಿಯ ಲಾಭ ಎಲ್ಲ ಅದರೊಳಗೇ ಇರುತ್ತವೆ. ಮುಂದೆ 2023ರ ಡಿಸೆಂಬರ್ 8ರಿಂದ ರಫ್ತೇ ನಿಂತಿತು. 2024ರ ಮೇ 4ರಂದು ನಿಷೇಧ ತೆಗೆದಾಗ ಕನಿಷ್ಠ ದರ 550 ಡಾಲರ್ ಆಯಿತು, ಸೆಪ್ಟೆಂಬರ್‌ನಲ್ಲಿ ಅದನ್ನೂ ಕೈಬಿಡಲಾಯಿತು. ಇನ್ನು ಮುಂದೆ ಸುದ್ದಿಯಲ್ಲಿ ಇಂಥ ದರ ಕೇಳಿದಾಗ ಪಕ್ಕದಲ್ಲಿ ಎಫ್‌ಒಬಿ ಇದೆಯಾ ನೋಡಿ.

ಸಿಐಎಫ್: ಮಾಲಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಮೂರೂ ಸೇರಿದ ದರ. ಬಾಡಿಗೆ ಕಟ್ಟುವವರು ಮಾರುವವರಾದರೂ ಮಾಲು ಇಲ್ಲಿ ಹಡಗು ಹತ್ತಿದ ಕೂಡಲೇ ರಿಸ್ಕ್ ಕೊಳ್ಳುವವರದ್ದಾಗುತ್ತದೆ. ಹೊರದೇಶದಿಂದ ಮಶೀನು ತರಿಸುವವರು ಇದನ್ನು ನೆನಪಿಡಬೇಕು. ಸಿಐಎಫ್‌ನಲ್ಲಿ ಮಾರುವವರು ಮಾಡಿಸಬೇಕಾದದ್ದು ಕನಿಷ್ಠ ಮಟ್ಟದ ವಿಮೆ ಮಾತ್ರ.

ಎಕ್ಸ್ ವರ್ಕ್ಸ್, ಎಫ್‌ಒಬಿ, ಸಿಐಎಫ್ ಮುಂತಾದ 11 ಶಬ್ದಗಳ ಅರ್ಥವನ್ನು ಪ್ಯಾರಿಸ್‌ನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಗೊತ್ತುಪಡಿಸಿದೆ. ಇವಕ್ಕೆ ಇನ್‌ಕೋಟರ್ಮ್ಸ್ ಎನ್ನುತ್ತಾರೆ. ಮೊದಲ ಪಟ್ಟಿ ಬಂದದ್ದು 1936ರಲ್ಲಿ, ಈಗಿನದು 2020ರದ್ದು. ಎಫ್‌ಒಆರ್ ಈಗಿನ ಪಟ್ಟಿಯಲ್ಲಿಲ್ಲ, ಅದು ನಮ್ಮ ದೇಶದೊಳಗಿನ ರೂಢಿ.

ಬಂದರಿನ ಶಬ್ದಗಳು

ಬಿಲ್ ಆಫ್ ಲೇಡಿಂಗ್: ಹಡಗು ಕಂಪನಿ ಕೊಡುವ ರಸೀದಿ. ಎಲ್‌ಆರ್‌ಗಿಂತ ಇದಕ್ಕೆ ತೂಕ ಹೆಚ್ಚು. ಇದು ಮಾಲಿನ ಒಡೆತನದ ಪತ್ರವೂ ಹೌದು. ಮೂಲ ಪ್ರತಿ ಯಾರ ಕೈಯಲ್ಲಿದೆಯೋ ಮಾಲಿನ ಹಿಡಿತ ಅವರ ಕೈಯಲ್ಲಿ. ದುಡ್ಡು ಬರುವ ಮೊದಲೇ ಕೊಳ್ಳುವವರಿಗೆ ಕಳಿಸಿಕೊಟ್ಟರೆ ಮಾಲು ಕೈಬಿಟ್ಟಂತೆಯೇ.

ಟಿಇಯು: 20 ಅಡಿಯ ಒಂದು ಕಂಟೇನರ್ ಲೆಕ್ಕ. 40 ಅಡಿಯದಾದರೆ ಎರಡು ಟಿಇಯು.

ಎಫ್‌ಸಿಎಲ್, ಎಲ್‌ಸಿಎಲ್: ಇಡೀ ಕಂಟೇನರ್ ನಿಮ್ಮದೇ ಆದರೆ ಎಫ್‌ಸಿಎಲ್, ನಾಲ್ಕು ಜನರ ಮಾಲು ಕೂಡಿದರೆ ಎಲ್‌ಸಿಎಲ್.

ಡೆಮರೇಜ್, ವಾರ್ಫೇಜ್, ಡಿಟೆನ್ಷನ್: ಮೂರೂ ತಡ ಮಾಡಿದ್ದಕ್ಕೆ ಬೀಳುವ ಚಾರ್ಜು. ರೈಲ್ವೆಯಲ್ಲಿ ವ್ಯಾಗನ್ ಖಾಲಿ ಮಾಡಲು ತಡವಾದರೆ ಡೆಮರೇಜ್, ಇಳಿಸಿದ ಮಾಲನ್ನು ಗೂಡ್ಸ್ ಶೆಡ್‌ನಿಂದ ಒಯ್ಯದಿದ್ದರೆ ವಾರ್ಫೇಜ್. ಹಡಗು ಕಂಪನಿಯ ಕಂಟೇನರ್ ಹೊರಗೆ ಒಯ್ದು ವಾಪಸ್ ಕೊಡಲು ತಡವಾದರೆ ಡಿಟೆನ್ಷನ್. ನಮ್ಮ ಲಾರಿಯವರು ಕೇಳುವ ಹಾಲ್ಟಿಂಗ್ ಚಾರ್ಜೂ ಇದೇ ಜಾತಿಯದು.

ಐಇಸಿ: ಹೊರದೇಶಕ್ಕೆ ನೇರ ಮಾಲು ಕಳಿಸಲು ಬೇಕಾದ 10 ಅಂಕಿ-ಅಕ್ಷರಗಳ ಕೋಡ್. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ವೆಬ್‌ಸೈಟ್‌ನಲ್ಲಿ ಪ್ಯಾನ್ ಆಧಾರದ ಮೇಲೆ ಸಿಗುತ್ತದೆ. ಮೆಣಸಿನಕಾಯಿ ರಫ್ತಿಗೆ ಸ್ಪೈಸಸ್ ಬೋರ್ಡ್ ನೋಂದಣಿಯೂ ಬೇಕು.

ಸಹಿಗೂ ಮೊದಲು

* ಎಲ್‌ಆರ್‌ನಲ್ಲಿರುವ ನಗ, ತೂಕ, ಪೇಡ್ ಅಥವಾ ಟು-ಪೇ ನೋಡಿ.
* ಚೀಲ ಹರಿದಿದ್ದರೆ, ಬಾಕ್ಸ್ ಒದ್ದೆಯಾಗಿದ್ದರೆ, ನಗ ಕಡಿಮೆ ಇದ್ದರೆ ಡೆಲಿವರಿ ಪ್ರತಿ ಮೇಲೇ ಬರೆದು ಸಹಿ ಹಾಕಿ, ಫೋಟೋ ತೆಗೆದುಕೊಳ್ಳಿ. 'ಮಾಲು ಸರಿಯಾಗಿ ಮುಟ್ಟಿದೆ' ಅಂತ ಸಹಿ ಹಾಕಿದ ಮೇಲೆ ಲುಕ್ಸಾನು ಸಾಬೀತು ಮಾಡೋದು ಬಹಳ ಕಷ್ಟ.
* ಎಲ್‌ಆರ್, ಬಿಲ್ ಎರಡನ್ನೂ ಕನಿಷ್ಠ 180 ದಿನ ಜೋಪಾನವಾಗಿಡಿ.